ಕಡಲಿನ ಎಂಟನೆಯ ಬಾಟಲಿ

ಕಡಲನ್ನು ಕಣ್ಣಾರೆ ನೋಡುವ ಮೊದಲೇ ಕಡಲಿನ ವಿಷಯದಲ್ಲಿ ದೊಡ್ಡದೊಂದು ತಪ್ಪು ಮಾಡಿದವನು ನಾನು. ಉದಗೀರಿನ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪ್ರಯೋಗಾಲಯ ಸಹಾಯಕನಾಗಿ ಸೇರಿ ಅಲ್ಲೇ ನಿವೃತ್ತನಾದೆ. ನನ್ನ ಕೈಯ ಒಂದು ಅಂಕಿಯಿಂದ ಸವಿತಾ ಎಂಬ ಹುಡುಗಿಯ ಮೂರು ವರ್ಷದ ಸಂಶೋಧನೆ ಸುಳ್ಳಾಗುವುದರಲ್ಲಿತ್ತು. ನನ್ನ ಕುರ್ಚಿಗೆ ಈಗ ಬಂದಿರುವವರು, ಮುಂದೆ ಬರುವವರು, ಈ ಕೆಲಸವೆಂದರೆ ಗಾಜಿನ ಸಾಮಾನು ತೊಳೆಯುವುದು ಮತ್ತು ಪರೀಕ್ಷೆಯ ದಿನ ಕಪ್ಪೆ ಹಂಚುವುದು ಎಂದುಕೊಂಡಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ಯಾರು ತಡೆದರು ಎಂಬ ಮಾತೆಲ್ಲ ಬಿಡಿ. ಅದನ್ನು ಕೇಳಿ ನಿಮಗೇನೂ ಆಗಬೇಕಾಗಿಲ್ಲ.

ನಮ್ಮದು ನಿಲಂಗಾ ಹತ್ತಿರದ ಹಳ್ಳಿ. ಹೊಲ ಇತ್ತು, ತೊಗರಿ ಬೆಳೆಯುತ್ತಿದ್ದೆವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಹೀಗಾಗಿ ನನ್ನ ತಲೆಯಲ್ಲಿ ಒಂದು ವಿಚಿತ್ರ ಹಂಚಿಕೆ ನಡೆದಿದೆ. ಜಗಳ, ಪ್ರೀತಿ, ಭಜನೆ ಎಲ್ಲ ಕನ್ನಡದಲ್ಲಿ. ಲೆಕ್ಕ ಮಾತ್ರ ಮರಾಠಿಯಲ್ಲಿ. ಮಗ್ಗಿ ಮರಾಠಿಯಲ್ಲಿ ಕಲಿತವನು ಸಾಯುವ ತನಕ ಮರಾಠಿಯಲ್ಲೇ ಎಣಿಸುತ್ತಾನೆ. ಬೇಕಾದರೆ ನಮ್ಮ ಕಡೆಯ ಯಾರನ್ನಾದರೂ ಕೇಳಿ ನೋಡಿ.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ವಿಭಾಗದ ಮುಖ್ಯಸ್ಥರಾಗಿ ಸುಮಂಗಲಾ ಮೇಡಮ್ ಬಂದರು. ಭಾಲ್ಕಿ ಕಡೆಯವರು, ಉದಗೀರಿನ ಸೊಸೆ. ಕಡಲ ತೀರದ ಊರಿನಲ್ಲಿ ಓದಿ, ಕೋಪೆಪಾಡ್ ಎಂಬ ಜೀವಿಯ ಮೇಲೆ ಡಾಕ್ಟರೇಟ್ ಮಾಡಿದವರು. ಸೀಗಡಿಯ ಜಾತಿಗೆ ದೂರದ ನೆಂಟ, ಆದರೆ ಗಾತ್ರದಲ್ಲಿ ಎಳ್ಳಿಗಿಂತ ತುಸು ದೊಡ್ಡದು, ಜೀರಿಗೆಗಿಂತ ಸಣ್ಣದು. ಅದರಲ್ಲೂ ಅವರಿಗೆ ಬೇಕಾದದ್ದು ಕಡಲಿನ ಮೇಲ್ಮೈಯಲ್ಲೇ, ಗೇಣುದ್ದದ ನೀರಿನೊಳಗೇ ಬದುಕುವ ಬಗೆ. ಕರಾವಳಿಯ ಸಂಶೋಧನಾ ಕಚೇರಿಯೊಂದು ಹಡಗಿನಿಂದ ಬಲೆ ಎಳೆದು ಹಿಡಿದದ್ದನ್ನು ಫಾರ್ಮಾಲಿನ್‌ನಲ್ಲಿ ಮುಳುಗಿಸಿ, ಬಾಟಲಿಗಳಲ್ಲಿ ತುಂಬಿ, ಮೇಡಮ್‌ಗೆ ರೈಲಿನಲ್ಲಿ ಪಾರ್ಸೆಲ್ ಕಳಿಸುತ್ತಿತ್ತು. ಸ್ಟೇಷನ್ನಿನಿಂದ ಆಟೋದಲ್ಲಿ ಕಡಲನ್ನು ತೊಡೆಯ ಮೇಲೆ ಇಟ್ಟುಕೊಂಡು ಬರುವುದು ನನ್ನ ಕೆಲಸ. ಆಟೋದವನು ಪ್ರತಿ ಸಲ ಮೂಗು ಮುಚ್ಚಿಕೊಂಡು ಬೈಯುತ್ತಿದ್ದ.

ಮೊದಲ ದಿನ ಮೇಡಮ್ ಒಂದು ತಟ್ಟೆಯಲ್ಲಿ ಬಾಟಲಿ ಸುರಿದು ನನ್ನ ಮುಂದಿಟ್ಟರು. ಬೂದು ಬಣ್ಣದ ಗಸಿಯಂತೆ ಕಂಡಿತು. ‘ಇದರಾಗ ಏನರ ಬ್ಯಾರೆ ಬ್ಯಾರೆ ಕಾಣ್ತದೇನ್ರಿ ಶಿವಪ್ಪ?’ ಎಂದು ಕೇಳಿದರು.

‘ಉದ್ದಂದು ಒಂದು ಅದರೀ, ಗುಂಡಂದು ಒಂದು. ಒಂದಕ್ಕ ಮಾತ್ರ ಒಂದು ಮೀಸಿ ಉಬ್ಯಾದ ನೋಡ್ರಿ,’ ಎಂದೆ.

ಅವರು ಕಣ್ಣರಳಿಸಿದರು. ‘ಹಿಂಗ ನೋಡೂದು ಎಲ್ಲಿ ಕಲ್ತೀರಿ?’ ಎಂದರು.

ತೊಗರಿಯಲ್ಲಿ ಕಲ್ಲು ಆರಿಸಿದ ಕಣ್ಣು ನನ್ನದು. ನಮ್ಮ ಅವ್ವ ಮೊರದಲ್ಲಿ ಕಾಳು ಕೇರಿ ನನ್ನ ಮುಂದೆ ತಳ್ಳುತ್ತಿದ್ದಳು, ಒಂದು ಕಲ್ಲು ಉಳಿದರೂ ಬೆನ್ನ ಮೇಲೆ ಗುದ್ದು ಬೀಳುತ್ತಿತ್ತು. ಆ ಗುದ್ದಿನ ಪುಣ್ಯದಿಂದ ನಾನು ಕೋಪೆಪಾಡ್ ಆರಿಸುವವನಾದೆ. ಉಬ್ಬಿದ ಮೀಸೆ ಇರುವುದು ಗಂಡು. ಆ ಮೀಸೆಯಿಂದಲೇ ಹೆಣ್ಣನ್ನು ಹಿಡಿದುಕೊಳ್ಳುತ್ತದೆಯಂತೆ. ನಾನು ಅದಕ್ಕೆ ‘ಚಿಮಟ’, ಅಂದರೆ ಇಕ್ಕಳ, ಎಂದು ಹೆಸರಿಟ್ಟೆ. ಮೇಡಮ್ ಲ್ಯಾಟಿನ್ ಹೆಸರು ಹೇಳುವರು, ನಾನು ನನ್ನ ಹೆಸರು ಹೇಳುವೆ. ಕೊನೆಗೆ ಅವರೇ ‘ಶಿವಪ್ಪ, ಇವತ್ತ ಚಿಮಟ ಎಷ್ಟು ಬಂದಾವ?’ ಎಂದು ಕೇಳತೊಡಗಿದರು.

ಇದನ್ನೆಲ್ಲ ಆರಿಸಿ ಏನು ಪ್ರಯೋಜನ ಎಂದು ಒಂದು ದಿನ ತಡೆಯಲಾರದೆ ಕೇಳಿದೆ. ಮೇಡಮ್ ನಕ್ಕರು. ‘ಬಸ್‌ಸ್ಟ್ಯಾಂಡಿನ್ಯಾಗ ಯಾರರ ಮಾತಾಡಿದ್ರ, ಇಂವಾ ಲೋಹಾರಾದಂವಾ, ಆಕಿ ಬೀದರದಾಕಿ ಅಂತ ನಿಮಗ ತಿಳೀತದಲ್ಲ?’

‘ತಿಳೀತದರೀ.’

‘ಹಂಗೇ ಇದು. ಕಡಲಿನ ನೀರು ನೋಡಿದ್ರ ಎಲ್ಲಾ ಒಂದೇ. ಖರೆ ಅಂದ್ರ ಒಂದು ಕಡಿ ದಂಡಿ ನೀರು, ನದಿ ಕೂಡಿ ಉಪ್ಪು ಕಡಿಮಿ ಆಗಿದ್ದು. ಇನ್ನೊಂದು ಕಡಿ ನಡಗಡಲಿನ ನೀರು, ಉಪ್ಪು ಜಾಸ್ತಿ. ಇವು ಒಂದರಾಗ ಒಂದು ಹೊಕ್ಕೊಂಡು ಹೋಗ್ತಾವ. ಯಾವ ನೀರು ಎಲ್ಲಿ ತನಕ ಹೋಗ್ಯಾದ ಅಂತ ಈ ಹುಳ ಹೇಳ್ತಾವ. ದಂಡಿ ಹುಳ ನಡಗಡಲಿನ್ಯಾಗ ಸಿಕ್ಕಿತಂದ್ರ, ದಂಡಿ ನೀರು ಅಲ್ಲಿ ತನಕ ಮುಟ್ಯಾದ ಅಂತ ತಿಳೀಬೇಕು.’

ಅಯ್ಯೋ, ಆ ದಿನ ನನಗಾದ ಖುಷಿ ಹೇಳತೀರದು. ಮೀನು ಹಿಡಿಯುವವರಿಗೆ, ಮಳೆಯ ಲೆಕ್ಕ ಹಾಕುವವರಿಗೆ ಎಲ್ಲರಿಗೂ ಬೇಕಾದ ಸುದ್ದಿಯನ್ನು ಜೀರಿಗೆಯಷ್ಟೂ ಇಲ್ಲದ ಪ್ರಾಣಿ ಹೊತ್ತು ತಿರುಗುತ್ತದೆ. ಅದನ್ನು ಓದುವವರು ನಾವು, ಕೋಟೆಯ ನೆರಳಿನ ಉದಗೀರಿನಲ್ಲಿ ಕೂತವರು. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ‘ಮೊದಲ ಕೈ ತೊಳಕೋರಿ, ಆ ವಾಸನಿಗಿ ರೊಟ್ಟಿ ಹೋಗಂಗಿಲ್ಲ’ ಎಂದಳು.

ಆಗ ನಮ್ಮಲ್ಲಿ ಇದ್ದದ್ದು ಕನ್ನಡಿ ಹಚ್ಚಿದ ಸೂಕ್ಷ್ಮದರ್ಶಕ. ಬಿಸಿಲು ಕನ್ನಡಿಗೆ ಬಿದ್ದರೆ ಕೆಲಸ, ಇಲ್ಲವಾದರೆ ಇಲ್ಲ. ಬೆಳಿಗ್ಗೆ ಪೂರ್ವದ ಕಿಟಕಿಗೆ ಮೇಜು, ಮಧ್ಯಾಹ್ನದ ಮೇಲೆ ಪಡುವಣ ಕಿಟಕಿಗೆ. ದಿನಕ್ಕೆ ಎರಡು ಸಲ ಮೇಜು ಎಳೆದು ನೆಲದಲ್ಲಿ ಗೆರೆಯೇ ಬಿದ್ದಿತ್ತು. ಮುಂದೆ ದೀಪದ ಯಂತ್ರ ಬಂತು, ಕರೆಂಟು ಹೋಗುವುದೂ ಅದರ ಜೊತೆಗೆ ಬಂತು. ಈಗ ಮೊಬೈಲನ್ನೇ ಕಣ್ಣಿನ ಜಾಗಕ್ಕೆ ಹಚ್ಚಿ ಫೋಟೋ ತೆಗೆಯುತ್ತಾರೆ. ಕಾಲಿನ ಒಂದು ಚೂರು ಕಳಿಸಿದರೆ ಯಂತ್ರವೇ ಜಾತಿ ಹೇಳುತ್ತದಂತೆ. ಒಳ್ಳೆಯದೇ. ಆದರೂ ಚೂರು ಕೀಳುವ ಮೊದಲು ಇಡೀ ಪ್ರಾಣಿಯನ್ನು ಒಮ್ಮೆ ಕಣ್ತುಂಬ ನೋಡಿರಪ್ಪ. ಅಷ್ಟು ಚೆಂದದ್ದನ್ನು ನೋಡದೆ ಕತ್ತರಿಸುವುದು ಪಾಪ.

ಜಾತಿ ಗುರುತಿಸುವುದು ಐದನೆಯ ಜೋಡಿ ಕಾಲಿನಿಂದ. ಆ ಕಾಲನ್ನು ಸೂಜಿಯಿಂದ ಬಿಡಿಸಿ ಗಾಜಿನ ಮೇಲೆ ಇಡಬೇಕು. ಉಸಿರು ಜೋರಾಗಿ ಬಿಟ್ಟರೂ ಹೋಯಿತು. ಒಂದು ಬೇಸಿಗೆಯಲ್ಲಿ ಮೇಡಮ್ ಸೂಜಿಯ ತುದಿಯಲ್ಲಿ ಕಾಲು ಹಿಡಿದಿದ್ದಾರೆ, ಅದೇ ಹೊತ್ತಿಗೆ ಪ್ರಿನ್ಸಿಪಾಲರು ಒಳಗೆ ಬಂದು ‘ಎಷ್ಟು ಸೆಖೆ’ ಎನ್ನುತ್ತ ಫ್ಯಾನ್ ಹಾಕಿಬಿಟ್ಟರು. ಕಾಲು ಹಾರಿತು. ನಾವಿಬ್ಬರೂ ನೆಲದ ಮೇಲೆ ಮೊಣಕಾಲೂರಿ ಹುಡುಕತೊಡಗಿದೆವು. ಪ್ರಿನ್ಸಿಪಾಲರು ಗಾಬರಿಯಾಗಿ ‘ಕಾಯ ಹರವಲಂ? ಅಂಗಠೀ?’ ಎಂದರು, ಉಂಗುರ ಕಳೆಯಿತೇ ಎಂದು. ‘ಕಾಲು ಸರ್’ ಎಂದೆ. ಪಾಪ, ಅವರೂ ಪ್ಯಾಂಟು ಮೇಲೆತ್ತಿ ಮಂಡಿಯೂರಿದರು. ಯಾರ ಕಾಲು, ಎಷ್ಟು ದೊಡ್ಡದು ಎಂದು ಕೇಳಲು ಅವರಿಗೆ ಧೈರ್ಯವಾಗಲಿಲ್ಲ. ಮೇಡಮ್ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು.

ಇಂಥ ಮೇಡಮ್ ಹತ್ತಿರ ಸಂಶೋಧನೆಗೆ ಬಂದವಳು ಸವಿತಾ. ಉಮರ್ಗಾದವಳು, ಅವರ ಮನೆಯಲ್ಲೂ ಕನ್ನಡ. ಹಟದ ಹುಡುಗಿ. ನಮ್ಮ ಕಡೆ ಕಾಲೇಜಿನ ಸಹಾಯಕರನ್ನು ಹುಡುಗರೆಲ್ಲ ಮಾಮಾ ಎಂದು ಕರೆಯುವುದು ರೂಢಿ. ಆದರೆ ಇವಳ ಮಾಮಾ ಎಂಬ ಕರೆಯಲ್ಲಿ ನಿಜವಾಗಿಯೂ ಸೋದರಮಾವ ಇದ್ದ. ನನ್ನ ಡಬ್ಬಿಯಿಂದ ಹೇಳದೆ ಕೇಳದೆ ಶೇಂಗಾ ಚಟ್ನಿ ತೆಗೆದುಕೊಳ್ಳುವಳು. ಕೋಪೆಪಾಡ್ ಎಣಿಸುವಾಗ ನಾನು ‘ಏಕ, ದೋನ, ತೀನ, ಚಾರ’ ಎಂದು ಗೊಣಗುವುದನ್ನು ಕೇಳಿ, ‘ಮಾಮಾ ಬೈಯೂದು ಕನ್ನಡದಾಗ, ಎಣಿಸೂದು ಮರಾಠ್ಯಾಗ’ ಎಂದು ಕಾಡುವಳು.

ಅವಳ ಸಂಶೋಧನೆಗೆಂದು ಹತ್ತು ಬಾಟಲಿಗಳ ಪಾರ್ಸೆಲ್ ಬಂತು. ದಂಡೆಯ ಹತ್ತಿರದ ಜಾಗಕ್ಕೆ ಒಂದನೆಯ ನಂಬರು, ಅಲ್ಲಿಂದ ನೇರವಾಗಿ ನಡುಗಡಲಿಗೆ ಹೋಗುತ್ತ ಹತ್ತನೆಯ ನಂಬರು. ಪೆಟ್ಟಿಗೆ ಬಿಚ್ಚಿದಾಗ ಎಂಟನೆಯದು ಒಡೆದಿತ್ತು. ಗಾಜನ್ನು ನಾನೇ ಗುಡಿಸಿದೆ, ಮೇಡಮ್‌ಗೆ ಬಾಯಿಮಾತಿನಲ್ಲಿ ‘ಒಂದು ಒಡದದರೀ’ ಎಂದೆ. ಯಾವುದು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ, ರಿಜಿಸ್ಟರಿನಲ್ಲಿ ಬರೆಯುವುದು ನಾಳೆಗೆ ಉಳಿಯಿತು. ಆ ನಾಳೆ ಬರಲೇ ಇಲ್ಲ. ಮಿಕ್ಕ ಬಾಟಲಿಗಳ ಮುಚ್ಚಳಗಳು ಸೋರುತ್ತಿದ್ದವು. ಹೊಸ ಬಾಟಲಿಗೆ ಸುರಿದು, ಒಳಗಿನ ಹಳೆಯ ಚೀಟಿಗಳು ಮಾಸಿದ್ದರಿಂದ ಅವನ್ನು ಬಿಸಾಡಿ, ಪೆನ್ಸಿಲಿನಿಂದ ಹೊಸ ಚೀಟಿ ಬರೆದು ಹಾಕಿದೆ. ಒಂದು ವಾರದ ನಂತರ ಸವಿತಾ ಆ ಬಾಟಲಿಗಳಿಗೆ ಕೈ ಹಾಕಿದಳು.

ಮೂರು ವರ್ಷ ದುಡಿದಳು. ಕೊನೆಗೆ ಕರಾವಳಿಯ ಆ ಕಚೇರಿಯಲ್ಲಿ ಎಲ್ಲರೆದುರು ತನ್ನ ಕೆಲಸ ಹೇಳಲು ಕರೆ ಬಂತು. ಅಲ್ಲಿ ಮೆಚ್ಚಿದರೆ ಅಲ್ಲೇ ಕೆಲಸ ಸಿಗುವ ಮಾತೂ ಇತ್ತು. ಹೊರಡಲು ಹದಿನೈದು ದಿನ ಇದ್ದಾಗ ಗೋಡೆಯ ಮೇಲೆ ದೊಡ್ಡದೊಂದು ನಕ್ಷೆ ಅಂಟಿಸಿ ನನ್ನನ್ನು ಕರೆದಳು.

‘ನೋಡ್ರಿ ಮಾಮಾ, ನಮ್ಮ ದಂಡಿ ಹುಳ ಎಲ್ಲಿ ತನಕ ಹೋಗ್ಯಾದ! ಎಂಟನೇ ಜಾಗಾಕ್ಕ! ದಂಡಿ ನೀರು ನಾಲಗಿ ಚಾಚಿದಂಗ ನಡಗಡಲಿಗಿ ಹೋಗ್ಯಾದ. ಇಷ್ಟು ದೂರ ಹೋಗ್ತದಂತ ಯಾರೂ ಹೇಳಿದ್ದಿಲ್ಲ.’

ಎಂಟನೆಯ ಜಾಗದಲ್ಲಿ ಕೆಂಪು ಚುಕ್ಕೆ ಇತ್ತು. ನಾಲ್ಕನೆಯ ಜಾಗ ಖಾಲಿ. ಎಂಟನೆಯದರ ಗಾಜನ್ನು ಗುಡಿಸಿದವನು ನಾನೇ. ‘ಎಂಟನೇದ್ದು…’ ಎಂದವನು ಮಾತು ನುಂಗಿದೆ. ಅವಳು ಸಂಭ್ರಮದಲ್ಲಿದ್ದಳು, ಗಮನಿಸಲಿಲ್ಲ.

ಎಲ್ಲರೂ ಊಟಕ್ಕೆ ಹೋದ ಮೇಲೆ ಆ ಬಾಟಲಿ ತೆಗೆದು ಬೆಳಕಿಗೆ ಹಿಡಿದೆ. ಚೀಟಿಯ ಮೇಲೆ ನನ್ನ ಅಕ್ಷರ. ಒಂದರಿಂದ ಮೂರರವರೆಗೆ ಇಂಗ್ಲಿಷ್ ಅಂಕಿ ಬರೆದಿದ್ದೆ. ಬಾಯಲ್ಲಿ ‘ಚಾರ’ ಎಂದು ಗೊಣಗುತ್ತ ನಾಲ್ಕನೆಯ ಚೀಟಿಗೆ ಬಂದಾಗ ಕೈ ತಾನೇ ತಾನಾಗಿ ಮರಾಠಿ ನಾಲ್ಕನ್ನು ಬರೆದಿದೆ. ಮರಾಠಿ ನಾಲ್ಕಿಗೆ ಕೆಳಗೊಂದು ಗಂಟು, ಮೇಲೆ ತೆರೆದ ಬಾಯಿ. ಅವಸರದಲ್ಲಿ ಆ ಬಾಯಿ ಮುಚ್ಚಿಕೊಂಡು ಥೇಟು ಇಂಗ್ಲಿಷಿನ ಎಂಟಾಗಿತ್ತು. ಮಿಕ್ಕ ಚೀಟಿಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಅವಳು ಎಂಟೆಂದೇ ಓದಿದಳು. ಒಡೆದದ್ದು ನಾಲ್ಕನೆಯದು ಎಂದುಕೊಂಡಳು. ದಂಡೆಯ ಹತ್ತಿರ ಹಿಡಿದ ದಂಡೆಯ ಹುಳವನ್ನು ನಾನು ನಡುಗಡಲಿಗೆ ಒಯ್ದು ಬಿಟ್ಟಿದ್ದೆ.

ಮುಚ್ಚುಮರೆ ಏಕೆ, ಇದ್ದದ್ದನ್ನು ಹೇಳುತ್ತೇನೆ. ಕೈಯಲ್ಲಿ ಬಾಟಲಿ ಇತ್ತು. ನೆಲ ಕಲ್ಲಿನದು. ಕೈ ಸಡಿಲ ಬಿಟ್ಟರೆ ಸಾಕು, ಗೊತ್ತಿದ್ದವನು ನಾನೊಬ್ಬನೇ. ಅವಳ ಹೆಸರೂ ಆಗುತ್ತದೆ, ಕೆಲಸವೂ ಸಿಗುತ್ತದೆ, ನನ್ನ ನಿವೃತ್ತಿಗೆ ಉಳಿದದ್ದು ಕೆಲವೇ ತಿಂಗಳು. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಬಾಟಲಿಯನ್ನು ಕಪಾಟಿಗೆ ಇಟ್ಟು ಮನೆಗೆ ಹೋದೆ.

ತಾಟಿನ ಮುಂದೆ ಕೂತು ಹೆಂಡತಿಗೆ ಎಲ್ಲ ಹೇಳಿದೆ. ‘ನಾ ಹೇಳದಿದ್ರ ಯಾರಿಗೂ ತಿಳೆಂಗಿಲ್ಲ’ ಎಂದೆ.

‘ಹಂಗಾದ್ರ ಉಣ್ರಿ,’ ಎಂದಳು. ‘ಯಾಕ ಉಣವಲ್ರಿ? ಒಂದು ತಾಸಾಯ್ತು ರೊಟ್ಟಿ ಮುರದು ಹಂಗೇ ಕೂತೀರಿ.’

ಮರುದಿನ ಬೆಳಿಗ್ಗೆ ಮೇಡಮ್ ಮತ್ತು ಸವಿತಾ ಚಹಾ ಕುಡಿಯುತ್ತಿದ್ದಾಗ ಬಾಟಲಿಯನ್ನು ಮೇಜಿನ ಮೇಲಿಟ್ಟೆ. ‘ಇದು ಎಂಟಲ್ಲರೀ. ನಾಕು. ಎಂಟನೇದು ಒಡದಿತ್ತು, ಅದರ ಗಾಜು ನಾನೇ ಗುಡಿಸೀನಿ. ಚುಕೀ ನಂದು, ತಪ್ಪು ನಂದು’ ಎಂದೆ.

ಸವಿತಾಳ ಮುಖ ನೋಡುವುದಾಗಲಿಲ್ಲ. ‘ಮಾಮಾ, ನಿಮ್ಮ ಚೀಟಿ ನಂಬಿ ಮೂರು ವರ್ಷ ಬರದೀನಿ ನಾ’ ಎಂದಳು. ಆಮೇಲೆ ಎದ್ದು ಹೊರಗೆ ಹೋದಳು. ಚಹಾ ಅರ್ಧಕ್ಕೇ ಉಳಿಯಿತು.

ಮೇಡಮ್ ಆ ಬಾಟಲಿಯನ್ನು ತಟ್ಟೆಗೆ ಸುರಿದು ಮಧ್ಯಾಹ್ನದವರೆಗೆ ನೋಡಿದರು. ನಾನು ಬಾಗಿಲ ಹತ್ತಿರ ನಿಂತೇ ಇದ್ದೆ. ಕೊನೆಗೆ ಕನ್ನಡಕ ತೆಗೆದರು. ‘ಶಿವಪ್ಪ, ಇದರಾಗ ಏಡಿ ಮರಿ ತುಂಬ್ಯಾವ. ನಡಗಡಲಿನ್ಯಾಗ ಇಷ್ಟು ಏಡಿ ಮರಿ ಎಲ್ಲಿಂದ ಬರಬೇಕು? ನಾ ಅವಾಗೇ ಕೇಳಬೇಕಿತ್ತು. ಹೊಸಾ ಸುದ್ದಿ ಅಂತ ನನಗೂ ಆಸೆ ಆಯ್ತು, ಕಣ್ಣು ಮುಚ್ಕೊಂಡೆ. ಬರೇ ನಿಮ್ಮ ಚುಕೀ ಅಲ್ಲ ಇದು.’ ನನ್ನ ಮೇಲಿನವರು ಎಷ್ಟೋ ಮಂದಿ ತಮ್ಮ ತಪ್ಪನ್ನು ನನ್ನ ತಲೆಗೆ ಕಟ್ಟಿದ್ದಾರೆ. ನನ್ನ ತಪ್ಪಿನಲ್ಲಿ ಪಾಲು ಕೇಳಿದವರು ಇವರೊಬ್ಬರೇ. ಆ ಹೆಣ್ಣುಮಗಳಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಅವತ್ತಿನಿಂದ ವಿಭಾಗದ ರೀತಿ ಬದಲಾಯಿತು, ಹೊಸಬರು ಇದನ್ನು ನೆನಪಿಡಿ. ಹಳೆಯ ಚೀಟಿ ಎಷ್ಟೇ ಮಾಸಿರಲಿ, ಬಿಸಾಡುವಂತಿಲ್ಲ, ಹೊಸದರ ಜೊತೆ ಅದೂ ಬಾಟಲಿಯೊಳಗೇ ಇರಬೇಕು. ಅಂಕಿಯ ಪಕ್ಕದಲ್ಲಿ ಅಕ್ಷರದಲ್ಲೂ ಬರೆಯಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಗಟ್ಟಿಯಾಗಿ ಓದಬೇಕು. ಒಡೆದದ್ದನ್ನು ಒಡೆದ ದಿನವೇ ರಿಜಿಸ್ಟರಿಗೆ ಏರಿಸಬೇಕು.

ಸವಿತಾ ಆ ಅಧ್ಯಾಯವನ್ನು ಕಿತ್ತು ಹಾಕಿದಳು. ನನ್ನೊಂದಿಗೆ ಮಾತು ಬಿಟ್ಟಳು. ಬೇಕಾದದ್ದನ್ನು ಕಾಗದದ ಚೂರಿನಲ್ಲಿ ಬರೆದು ಮೇಜಿನ ಮೇಲೆ ಇಡುವಳು. ನನ್ನ ಡಬ್ಬಿಯ ಚಟ್ನಿ ಹಾಗೇ ಮನೆಗೆ ವಾಪಸಾಗುತ್ತಿತ್ತು. ಸಿಟ್ಟು ಅವಳ ಹಕ್ಕು. ಆದರೆ ಒಳಗೊಳಗೇ ಬಹಳ ನೊಂದೆ.

ಗೊತ್ತುಮಾಡಿದ ದಿನ ಮೇಡಮ್ ಜೊತೆ ಕರಾವಳಿಗೆ ಹೋದಳು. ಅಲ್ಲಿ ನಡೆದದ್ದನ್ನು ಮೇಡಮ್ ಬಂದು ಹೇಳಿದರು. ನಕ್ಷೆಯಲ್ಲಿ ಎಂಟನೆಯ ಜಾಗವನ್ನು ಖಾಲಿ ಬಿಟ್ಟು, ತಪ್ಪು ಹೇಗಾಯಿತು ಎಂಬುದನ್ನು ಸಭೆಯೆದುರು ಒಂದನ್ನೂ ಮುಚ್ಚದೆ ಹೇಳಿದಳಂತೆ. ನನ್ನ ಹೆಸರು ಮಾತ್ರ ಎತ್ತಲಿಲ್ಲವಂತೆ, ‘ನಮ್ಮ ಪ್ರಯೋಗಾಲಯದ ತಪ್ಪು’ ಎಂದಳಂತೆ. ಹಿರಿಯರೊಬ್ಬರು ‘ಹಾಗಾದರೆ ಎಂಟನೆಯ ಜಾಗದಲ್ಲಿ ಆ ಹುಳ ಇದೆಯೋ ಇಲ್ಲವೋ?’ ಎಂದು ಕೇಳಿದರು. ‘ಗೊತ್ತಿಲ್ಲ ಸರ್, ಹೋಗಿ ನೋಡಬೇಕು’ ಎಂದಳು. ಅವರು ಅವಳಿಗೆ ಮುಂದಿನ ಹಡಗಿನಲ್ಲಿ ಜಾಗ ಕೊಟ್ಟರು.

ನನ್ನ ಕೆಲಸದ ಕೊನೆಯ ತಿಂಗಳು. ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದೆ, ಬಿಸಿಲಿಗೆ ಕಪ್ಪಾದ ಸವಿತಾ ಚೀಲ ಹಿಡಿದು ನಿಂತಿದ್ದಳು. ಮೊದಲು ಮೊಬೈಲನ್ನು ನನ್ನ ಕಣ್ಣಿಗೆ ಹಿಡಿದಳು. ಬಕೆಟ್ಟಿನ ನೀರಿನಲ್ಲಿ ನೀಲಿ ಕಿಡಿಗಳು ಓಡಾಡುತ್ತಿದ್ದವು. ಒಂದೊಂದು ನೀರು ಬಿಟ್ಟು ಗಾಳಿಗೆ ಚಂಗನೆ ನೆಗೆದು ಬೀಳುತ್ತಿತ್ತು.

‘ಇದು ಏನವ್ವ?’

‘ನಿಮ್ಮ ಚಿಮಟ ಇದೇ ನೋಡ್ರಿ, ಜೀವಂತ ಇದ್ದಾಗ. ಮೀನು ಬೆನ್ನ ಹತ್ತಿದ್ರ ಹಿಂಗ ಜಿಗೀತಾವ.’

ನೀಲಿ! ಇಷ್ಟು ವರ್ಷ ನಾನು ನೋಡಿದ್ದು ಫಾರ್ಮಾಲಿನ್ ಬಣ್ಣ ತಿಂದು ಬಿಟ್ಟ ಹೆಣಗಳನ್ನು. ಆಕಾಶದ ಕೆಳಗೆ, ನೀರಿನ ತುದಿಯಲ್ಲಿ, ಅವು ಹೀಗಿದ್ದವು. ಮತ್ತೆ ಮತ್ತೆ ಹಾಕಿಸಿ ನೋಡಿದೆ. ನನ್ನ ಕೆಲಸ ಎಷ್ಟು ದೊಡ್ಡದಾಗಿತ್ತು ಎಂಬುದು ಕೆಲಸ ಮುಗಿಯುವ ತಿಂಗಳಲ್ಲಿ ತಿಳಿಯಿತು.

ಆಮೇಲೆ ಅವಳು ಚೀಲದಿಂದ ಬಾಟಲಿ ತೆಗೆದು ನನ್ನ ಮೇಜಿನ ಮೇಲಿಟ್ಟಳು. ‘ಎಂಟನೇ ಜಾಗಾದ್ದು ಮಾಮಾ. ನಾನೇ ಬಲಿ ಎಳದೀನಿ. ನಾ ಇನ್ನಾ ನೋಡಿಲ್ಲ. ನೀವೇ ಆರಸ್ರಿ.’ ಮಾಮಾ ಎಂದದ್ದು ಎಷ್ಟೋ ತಿಂಗಳ ಮೇಲೆ. ನನಗೆ ಕಣ್ಣು ತುಂಬಿ ಸ್ವಲ್ಪ ಹೊತ್ತು ಸೂಕ್ಷ್ಮದರ್ಶಕವೇ ಕಾಣಲಿಲ್ಲ.

ಎರಡು ದಿನ ಆರಿಸಿದೆ. ಅಷ್ಟು ನಿಧಾನವಾಗಿ ಯಾವತ್ತೂ ಆರಿಸಿದವನಲ್ಲ. ತಟ್ಟೆಯ ಮೂಲೆ ಮೂಲೆ ಹುಡುಕಿದೆ, ಮುಚ್ಚಳ ತೊಳೆದ ನೀರನ್ನೂ ಬಿಡಲಿಲ್ಲ. ನಡುಗಡಲಿನ ಜಾತಿಗಳು ಬೇಕಾದಷ್ಟು. ದಂಡೆಯ ಹುಳ ಇಲ್ಲ. ಮತ್ತೆ ಸುರಿದು ಮತ್ತೆ ನೋಡಿದೆ. ಒಂದೇ ಒಂದು ಸಿಗಲಿ ದೇವರೇ ಎಂದುಕೊಳ್ಳುತ್ತಿದ್ದೆ.

ಎರಡನೆಯ ದಿನ ಸಂಜೆ ಸವಿತಾ ಬಂದು ಎದುರಿಗೆ ಕೂತಳು. ‘ಸಿಕ್ತೇನ್ರಿ?’

‘ಇಲ್ಲವ್ವ.’

‘ಒಂದೂ ಇಲ್ಲ?’

‘ಒಂದೂ ಇಲ್ಲ. ನಾಕು ಸಲ ನೋಡೀನಿ. ಒಂದರ ಸಿಗಲಿ, ನಿನಗ ಕಳಕೊಂಡಿದ್ದು ತಿರುಗಿ ಕೊಟ್ಟಂಗ ಆಗ್ತದಂತ ಎರಡು ದಿನ ಬೇಡ್ಕೊಂಡೆ.’

ಅವಳು ಉಸಿರು ಬಿಟ್ಟು ನಕ್ಕಳು, ನಗುತ್ತ ನಗುತ್ತ ಅತ್ತಳು. ‘ನಾ ಹಡಗಿನ್ಯಾಗಿಂದ ಇಲ್ಲಿ ತನಕ ಒಂದೂ ಇರಬಾರದು ಅಂತ ಬೇಡ್ಕೋತ ಬಂದೀನಿ ಮಾಮಾ.’

‘ಯಾಕವ್ವ? ಇದ್ದಿದ್ರ ನೀ ಬರದಿದ್ದು ಖರೆ ಆಗ್ತಿತ್ತಲ್ಲ.’

‘ಖರೆ ಆಗ್ತಿತ್ತರೀ. ಖರೆ ಆಗಿದ್ರ, ಆ ದಿನ ನೀವು ಬಂದು ಹೇಳಿದ್ದು ಸುಮ್‌ಸುಮ್ಮನ ಆಗ್ತಿತ್ತಲ್ಲ.’